ಕನ್ಸಲ್ ಸರ್ವಿಸಸ್ ರಿಜಿಸ್ಟರ್: ವರ್ಷಗಟ್ಟಲೆ ಬಳಸಿದ ಮೇಲಿನ ಅನಿಸಿಕೆ

ಯಾವ ಸರ್ವಿಸ್ ಯಾವ ಮಷಿನ್‌ನಲ್ಲಿದೆ ಎಂದು ಐಪಿ ವಿಳಾಸಗಳನ್ನು ಕಾನ್ಫಿಗ್ ಫೈಲ್‌ಗಳಲ್ಲಿ ಕೈಯಾರೆ ಬರೆದಿಡುವುದನ್ನು ಬಿಟ್ಟು, ಆ ಲೆಕ್ಕವನ್ನು ತಾನೇ ಇಟ್ಟು ಕೇಳಿದವರಿಗೆ ಹೇಳುವ ಕನ್ಸಲ್ ಹಿಡಿದು ವರ್ಷಗಳೇ ಆದವು. 2014ರಲ್ಲಿ ಹ್ಯಾಶಿಕಾರ್ಪ್ ಹೊರತಂದ ಈ ತಂತ್ರಾಂಶದಲ್ಲಿ ಸೌಲಭ್ಯಗಳು ಬೇಕಾದಷ್ಟಿವೆ. ನನ್ನ ಕೈ ಹೆಚ್ಚು ಹೋಗುವುದು ಮಾತ್ರ ಟರ್ಮಿನಲ್‌ನಿಂದಲೇ ಸರ್ವಿಸ್ ನೋಂದಾಯಿಸುವ ಕಮಾಂಡ್ ಕಡೆಗೆ. ಈ ವಿಮರ್ಶೆ ಅದರ ಬಗ್ಗೆಯೇ.

`ಕನ್ಸಲ್ ಸರ್ವಿಸಸ್ ರಿಜಿಸ್ಟರ್ -ನೇಮ್=ವೆಬ್ -ಪೋರ್ಟ್=8080` ಎಂದು ಕೊಟ್ಟರೆ ಏಜೆಂಟ್ (ಮಷಿನ್‌ನಲ್ಲಿ ಓಡುವ ಕನ್ಸಲ್ ಪ್ರಾಸೆಸ್) ಅದನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡು ಕ್ಯಾಟಲಾಗ್‌ಗೆ, ಅಂದರೆ ಎಲ್ಲ ಸರ್ವಿಸ್‌ಗಳ ಒಟ್ಟು ಪಟ್ಟಿಗೆ, ಮುಟ್ಟಿಸುತ್ತದೆ. ಆಮೇಲೆ 8600ನೇ ಪೋರ್ಟ್‌ನಲ್ಲಿರುವ ಏಜೆಂಟ್‌ನ ಡಿಎನ್‌ಎಸ್‌ಗೆ (ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ) `ವೆಬ್.ಸರ್ವಿಸ್.ಕನ್ಸಲ್` ಎಲ್ಲಿದೆ ಎಂದು ಡಿಗ್ ಕಮಾಂಡ್ ಹಾಕಿ ಕೇಳಿದರೆ ವಿಳಾಸ ಸಿಗುತ್ತದೆ. ಡಿಎನ್‌ಎಸ್‌ನ ಇನ್ನೊಂದು ಬಗೆಯಾದ ಎಸ್‌ಆರ್‌ವಿ ರೆಕಾರ್ಡ್ ಕೇಳಿದರೆ ಪೋರ್ಟ್ ಸಂಖ್ಯೆಯೂ ಬರುತ್ತದೆ. ಅಪ್ಲಿಕೇಶನ್‌ನ ಕೋಡ್ ಮುಟ್ಟಬೇಕಿಲ್ಲ, ಹೊಸ ಲೈಬ್ರರಿ ಸೇರಿಸಬೇಕಿಲ್ಲ. ಹಳೆಯ ಕೋಡ್ ಇರುವ ಕಡೆ ಇದು ನಿಜಕ್ಕೂ ದೊಡ್ಡ ಉಪಕಾರ. ಹೀಗೆ ನೋಂದಾಯಿಸಿದ್ದನ್ನು ಏಜೆಂಟ್ ತನ್ನ ಡೇಟಾ ಡೈರೆಕ್ಟರಿಯಲ್ಲಿ ಬರೆದಿಟ್ಟುಕೊಳ್ಳುವುದರಿಂದ ರೀಸ್ಟಾರ್ಟ್ ಆದರೂ ಮತ್ತೆ ಹೇಳಿಕೊಡುವ ಕೆಲಸವಿಲ್ಲ.

ಆದರೆ ಈ ಒಂದು ಸಾಲಿನ ಸುಲಭಕ್ಕೆ ಮರುಳಾಗಬೇಡಿ. ಹೆಸರು, ಐಡಿ, ವಿಳಾಸ, ಪೋರ್ಟ್, ಟ್ಯಾಗ್, ಮೆಟಾ ಇವನ್ನೆಲ್ಲ ಫ್ಲ್ಯಾಗ್‌ನಲ್ಲೇ ಕೊಡಬಹುದು, ಸರ್ವಿಸ್ ಬದುಕಿದೆಯೇ ಎಂದು ಆಗಾಗ ನೋಡುವ ಹೆಲ್ತ್ ಚೆಕ್ ಕೊಡಲು ಮಾತ್ರ ಅಲ್ಲಿ ಜಾಗವಿಲ್ಲ. ಚೆಕ್ ಇಲ್ಲದ ಸರ್ವಿಸ್ ಚೆನ್ನಾಗಿಯೇ ಇದೆ ಎಂದು ಕನ್ಸಲ್ ನಂಬುತ್ತದೆ. ಇಡೀ ಮಷಿನ್ ಬಿದ್ದುಹೋದರೆ ಏಜೆಂಟ್‌ಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಗಾಸಿಪ್‌ನಿಂದ ಅದಕ್ಕೆ ತಿಳಿಯುತ್ತದೆ. ಮಷಿನ್ ಗಟ್ಟಿಯಾಗಿದ್ದು ಪ್ರಾಸೆಸ್ ಮಾತ್ರ ಸತ್ತಿದ್ದರೆ ತಿಳಿಯುವುದಿಲ್ಲ, ಡಿಎನ್‌ಎಸ್ ಅದೇ ವಿಳಾಸವನ್ನು ಕೊಡುತ್ತಲೇ ಇರುತ್ತದೆ. ದಿನನಿತ್ಯ ನಡೆಯುವುದು ಈ ಎರಡನೆಯ ಥರದ ಸಾವೇ.

ಹಾಗಾಗಿ ಫ್ಲ್ಯಾಗ್‌ಗಳನ್ನು ಪರೀಕ್ಷೆಗಷ್ಟೇ ಇಟ್ಟುಕೊಂಡು, ಉಳಿದಂತೆ ಸರ್ವಿಸ್ ವಿವರವನ್ನು ಜೇಸನ್ ಅಥವಾ ಎಚ್‌ಸಿಎಲ್ (ಹ್ಯಾಶಿಕಾರ್ಪ್‌ನದೇ ಕಾನ್ಫಿಗ್ ಭಾಷೆ) ಫೈಲ್‌ನಲ್ಲಿ ಬರೆದು ಅದೇ ಕಮಾಂಡ್‌ಗೆ ಕೊಡುತ್ತೇನೆ. ಫೈಲ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಒಂದು ಎಚ್‌ಟಿಟಿಪಿ ವಿಳಾಸ ತಟ್ಟಿ ನೋಡುವ ಚೆಕ್ ಇದ್ದರೆ ಆಟವೇ ಬೇರೆ. ಉತ್ತರ ಬಾರದಿದ್ದರೆ ಸ್ಥಿತಿ ಕ್ರಿಟಿಕಲ್ ಆಗುತ್ತದೆ, ಡಿಎನ್‌ಎಸ್ ಉತ್ತರದಿಂದ ಆ ಒಂದು ಇನ್‌ಸ್ಟನ್ಸ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಚೇತರಿಸಿಕೊಂಡರೆ ತಾನಾಗಿಯೇ ಮರಳುತ್ತದೆ. ಕ್ರಿಟಿಕಲ್ ಆಗಿಯೇ ಉಳಿದದ್ದನ್ನು ಇಂತಿಷ್ಟು ಹೊತ್ತಿನ ನಂತರ ಪಟ್ಟಿಯಿಂದಲೇ ತೆಗೆದುಹಾಕು ಎಂದೂ ಹೇಳಬಹುದು, ಕನಿಷ್ಠ ಅವಧಿ 1 ನಿಮಿಷ. ಡೇಟಾಬೇಸ್‌ನಂಥವಕ್ಕೆ ನಾನು ಇದನ್ನು ಹಾಕುವುದಿಲ್ಲ. ಅವು ಕೆಂಪಾಗಿ ಕಣ್ಣಿಗೆ ಬೀಳುತ್ತಲೇ ಇರಬೇಕು.

ಇನ್ನೊಂದು ಸೂಕ್ಷ್ಮ ವಿಷಯ, ಕಮಾಂಡ್ ಯಾವ ಏಜೆಂಟ್‌ಗೆ ಹೋಗುತ್ತಿದೆ ಎಂಬುದು. ಬೇರೇನೂ ಹೇಳದಿದ್ದರೆ ಅದು ಅದೇ ಮಷಿನ್‌ನ 8500ನೇ ಪೋರ್ಟ್‌ಗೆ ಹೋಗುತ್ತದೆ. ಏಜೆಂಟ್‌ನ ವಿಳಾಸ ಹೇಳುವ ಎನ್ವಿರಾನ್ಮೆಂಟ್ ವೇರಿಯಬಲ್ ಬೇರೆ ಸರ್ವರ್‌ನತ್ತ ತಿರುಗಿದ್ದರೆ ನೋಂದಣಿಯೂ ಅಲ್ಲಿಗೇ. ಆಗ ವಿಳಾಸವನ್ನು ಬಿಡಿಸಿ ಹೇಳದಿದ್ದರೆ ಆ ಸರ್ವರ್‌ನ ವಿಳಾಸವೇ ಸರ್ವಿಸ್‌ಗೆ ಅಂಟಿಕೊಳ್ಳುತ್ತದೆ, ಬಳಕೆದಾರರು ಅಲ್ಲಿ ಹೋಗಿ ಬಾಗಿಲು ಬಡಿಯುತ್ತಾರೆ. ಹೆಲ್ತ್ ಚೆಕ್ ಓಡಿಸುವುದೂ ಅದೇ ಏಜೆಂಟ್. ಪ್ರತಿ ಮಷಿನ್‌ಗೂ ಅದರದ್ದೇ ಏಜೆಂಟ್ ಇರಲಿ, ನೋಂದಣಿ ಅಲ್ಲೇ ನಡೆಯಲಿ.

ತೆಗೆಯುವಾಗಲೂ ಇದೇ ನಿಯಮ. ಕ್ಯಾಟಲಾಗ್‌ನಿಂದ ನೇರವಾಗಿ ಅಳಿಸಿದರೆ ಸ್ವಲ್ಪ ಹೊತ್ತಿಗೆ ಅದು ಮತ್ತೆ ಪ್ರತ್ಯಕ್ಷ, ಏಕೆಂದರೆ ಏಜೆಂಟ್ ತನ್ನಲ್ಲಿರುವ ಪಟ್ಟಿಯನ್ನು ಆಗಾಗ ತಾಳೆ ನೋಡಿ ಕಾಣೆಯಾದದ್ದನ್ನು ಮರಳಿ ಬರೆಯುತ್ತದೆ. ನೋಂದಾಯಿಸಿದ ಏಜೆಂಟ್‌ನಲ್ಲೇ ಐಡಿ ಕೊಟ್ಟು ಡಿರಿಜಿಸ್ಟರ್ ಮಾಡಬೇಕು. ಐಡಿ ಕೊಡದೆ ನೋಂದಾಯಿಸಿದರೆ ಹೆಸರೇ ಐಡಿ ಆಗುತ್ತದೆ. ಆದ್ದರಿಂದ ಒಂದೇ ಮಷಿನ್‌ನಲ್ಲಿ ಎರಡು ವೆಬ್ ಪ್ರಾಸೆಸ್ ಇದ್ದರೆ ಬೇರೆ ಬೇರೆ ಐಡಿ ಬೇಕೇ ಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದರ ಮೇಲೆಯೇ ಕೂರುತ್ತದೆ.

ಎಸಿಎಲ್, ಅಂದರೆ ಯಾರು ಏನು ಮಾಡಬಹುದು ಎಂಬ ಹಕ್ಕುಗಳ ನಿಯಂತ್ರಣ, ಚಾಲೂ ಇದ್ದರೆ ಆ ಸರ್ವಿಸ್ ಹೆಸರಿಗೆ ಬರೆಯುವ ಹಕ್ಕಿರುವ ಟೋಕನ್ ಬೇಕು. ಅದನ್ನು ಕಮಾಂಡ್‌ನಲ್ಲೇ ಟೈಪ್ ಮಾಡಬೇಡಿ, ಶೆಲ್ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ.

ಎಲ್ಲವೂ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಒಳಗೇ ಇರುವವರಿಗೆ ಇದು ಬೇಡ, ಆ ಕೆಲಸ ಅಲ್ಲಿ ತಾನಾಗಿಯೇ ನಡೆಯುತ್ತದೆ. ಲೈಸೆನ್ಸ್ ಬಗ್ಗೆ ಚಿಂತಿಸುವವರು 2023ರ ಆಗಸ್ಟ್‌ನಲ್ಲಿ ಕನ್ಸಲ್‌ನದು ಎಂಪಿಎಲ್ ಎಂಬ ಮುಕ್ತ ಲೈಸೆನ್ಸ್‌ನಿಂದ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಾಗಿದ್ದನ್ನು ಗಮನಿಸಿ. ಸಾದಾ ಲಿನಕ್ಸ್ ಮಷಿನ್‌ಗಳ ಮೇಲೆ ನಡೆಸುವವರಿಗೆ ಧಾರಾಳವಾಗಿ ಹೇಳುತ್ತೇನೆ, ಬಳಸಿ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಯ ಯೂನಿಟ್ ಫೈಲ್‌ನಲ್ಲಿ ಸರ್ವಿಸ್ ಎದ್ದ ಮೇಲೆ ರಿಜಿಸ್ಟರ್, ನಿಲ್ಲುವಾಗ ಡಿರಿಜಿಸ್ಟರ್ ಎಂದು ಎರಡು ಸಾಲು ಸೇರಿಸಿಬಿಟ್ಟರೆ ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಹೆಲ್ತ್ ಚೆಕ್‌ಗೂ ಒಂದು ಫ್ಲ್ಯಾಗ್ ಬರಲಿ ಎಂಬ ಆಸೆ ಮಾತ್ರ ನನ್ನಲ್ಲಿ ಉಳಿದಿದೆ.