ವದರಿಂಗ್ ಹೈಟ್ಸ್ ಓದಲೋ, ಬ್ಲೀಕ್ ಹೌಸ್ ಓದಲೋ?

ಈ ಎರಡು ಇಂಗ್ಲಿಷ್ ಕಾದಂಬರಿಗಳಲ್ಲೂ ಕಥೆ ಹೇಳುವ ದನಿ ಎರಡೆರಡು, ಕಾಲದ ಆಟ ಮಾತ್ರ ಬೇರೆ. ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ (1847) ಶುರುವಾಗುವುದು 1801ರಲ್ಲಿ, ಕಥೆಯ ಹೆಚ್ಚುಭಾಗ ಮುಗಿದ ಮೇಲೆ. ಬಾಡಿಗೆಗೆ ಬಂದ ಲಾಕ್‌ವುಡ್‌ಗೆ ಮನೆಗೆಲಸದ ನೆಲ್ಲಿ ಹೊಲಿಗೆ ಹಿಡಿದು ಕೂತು ಹಳೆಯದನ್ನೆಲ್ಲ ಹೇಳುತ್ತಾಳೆ. ಮೂರು ವರ್ಷ ಹಾರಿಸಿಬಿಡಲೇ ಅಂದರೆ ಅವನು ಸುತರಾಂ ಒಪ್ಪುವುದಿಲ್ಲ! ನೆಲ್ಲಿಯ ಮಾತನ್ನೆಲ್ಲ ನಂಬಬೇಡಿ. ತನ್ನ ತಪ್ಪನ್ನು ಜಾಣತನದಿಂದ ತೇಲಿಸುತ್ತಾಳೆ.

ಡಿಕನ್ಸ್‌ನ ‘ಬ್ಲೀಕ್ ಹೌಸ್’ 1852–53ರಲ್ಲಿ ತಿಂಗಳ ಕಂತುಗಳಾಗಿ ಬಂದದ್ದು. ಹೆಸರಿಲ್ಲದ ನಿರೂಪಕ ವರ್ತಮಾನಕಾಲದಲ್ಲಿ, ಕಥಾನಾಯಕಿ ಎಸ್ತರ್ ಭೂತಕಾಲದಲ್ಲಿ ಹೇಳುತ್ತಾರೆ. ಗಾತ್ರ ದೊಡ್ಡದು, ಪಾತ್ರಗಳ ಸಂತೆ.

ವಿಕ್ಟೋರಿಯನ್ (ವಿಕ್ಟೋರಿಯಾ ರಾಣಿಯ ಕಾಲದ) ಕಾದಂಬರಿ ನಿಮಗೆ ಹೊಸದಾದರೆ ಬ್ರಾಂಟಿಯನ್ನೇ ಹಿಡಿಯಿರಿ. ತಾಯಿ, ಮಗಳು ಇಬ್ಬರೂ ಕ್ಯಾಥರೀನ್ ಆದ್ದರಿಂದ ವಂಶಾವಳಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.