ಮೂರು ಲಕ್ಷ ಕಿಲೋಮೀಟರ್ ದಾಟಿದ ಇನ್ನೋವಾ: ಕೆಡುವ ಮೊದಲು ಹೇಳುವ ಗಾಡಿ

ಗಾಡಿ: ಟೊಯೋಟಾ ಇನ್ನೋವಾ 2.5 ಡೀಸೆಲ್, 2009ರ ಮಾಡೆಲ್. ಹೊಸದಾಗಿ ತಗೊಂಡಿದ್ದು, ಇವತ್ತಿಗೂ ನಮ್ಮ ಮನೆಯಲ್ಲೇ ಇದೆ. ಮೀಟರ್ ಮೂರು ಲಕ್ಷ ದಾಟಿದೆ. ಓಡಾಟ ಹೆಚ್ಚಾಗಿ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ, ಉಡುಪಿ ಕಡೆ. ಆಗಾಗ ಬೆಂಗಳೂರು.

ಈ ಗಾಡಿ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ‘ಟೊಯೋಟಾ ಹಾಳಾಗೋದೇ ಇಲ್ವಂತೆ, ನಿಜಾನಾ?’ ನಿಜ ಅಲ್ಲ. ಹಾಳಾಗುತ್ತದೆ. ಕ್ಲಚ್ ಸವೆಯುತ್ತದೆ, ಚಕ್ರದ ಜೋಡಣೆಯ ರಬ್ಬರ್ ಬುಷ್ ಹೋಗುತ್ತದೆ, ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗೂ ಒಂದು ಆಯಸ್ಸಿದೆ. ಆದರೆ ಇಷ್ಟು ವರ್ಷದಲ್ಲಿ ಈ ಗಾಡಿ ನಮ್ಮನ್ನು ಒಂದು ಸಲವೂ ದಾರಿಯಲ್ಲಿ ಕೈಬಿಟ್ಟಿಲ್ಲ. ಏನೇ ತೊಂದರೆ ಬರುವುದಿದ್ದರೂ ಮೊದಲೇ ಸೂಚನೆ ಕೊಟ್ಟಿದೆ. ನಮ್ಮೂರ ಮೆಕ್ಯಾನಿಕ್ ಅಣ್ಣ ಇದನ್ನು ಬಹಳ ಚೆನ್ನಾಗಿ ಹೇಳುತ್ತಾನೆ: ‘ಸಾರ್, ಇದು ಸತ್ತು ತೋರ್ಸೋ ಇಂಜಿನ್ ಅಲ್ಲ, ಕೆಮ್ಮಿ ತೋರ್ಸುತ್ತೆ.’ ಆ ಕೆಮ್ಮು ಕೇಳಿಸಿಕೊಂಡು ಔಷಧಿ ಕೊಡಿಸುವುದು ಮಾತ್ರ ನಮ್ಮ ಕೆಲಸ.

ಮೊದಲು ಇಂಜಿನ್ ವಿಷಯ. ಇದರ ಹೆಸರು 2ಕೆಡಿ-ಎಫ್‌ಟಿವಿ. 2494 ಸಿಸಿ, ನಾಲ್ಕು ಸಿಲಿಂಡರ್, 102 ಅಶ್ವಶಕ್ತಿ. ಇಷ್ಟು ದೊಡ್ಡ ಇಂಜಿನ್‌ಗೆ ಈ ಶಕ್ತಿ ಕಡಿಮೆಯೇ. ಅದೇ ಕಾಲದಲ್ಲಿ ಬೇರೆಯವರ 2.2 ಲೀಟರ್ ಡೀಸೆಲ್‌ಗಳು 120, ಆಮೇಲೆ 140 ಅಶ್ವಶಕ್ತಿ ಕೊಡುತ್ತಿದ್ದವು. ಓವರ್‌ಟೇಕ್ ಮಾಡುವಾಗ ಈ ಕೊರತೆ ಗೊತ್ತಾಗುತ್ತದೆ. ಎಂಟು ಜನ ಕೂತು, ಮೇಲೆ ಲಗೇಜ್ ಹಾಕಿ ಆಗುಂಬೆ ಹತ್ತುವಾಗ ಎರಡನೇ ಗೇರ್ ಬಿಟ್ಟು ಮೇಲೆ ಹೋಗುವ ಹಾಗಿಲ್ಲ. ಆದರೆ ಇಂಜಿನ್ ಇಷ್ಟು ಬಾಳುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಅದರ ತಾಕತ್ತಿನಷ್ಟನ್ನೂ ಹಿಂಡಿಲ್ಲ. ಇದೇ ಇಂಜಿನ್ ಹೈಲಕ್ಸ್ ಪಿಕಪ್‌ನಲ್ಲಿ ಥಾಯ್ಲೆಂಡ್, ಆಫ್ರಿಕಾ, ದಕ್ಷಿಣ ಅಮೆರಿಕದ ಮಣ್ಣಿನ ರಸ್ತೆಗಳಲ್ಲಿ ದುಡಿದಿದೆ. ಕೆಳಗೆ ಲಾರಿಗಿರುವಂಥ ಲ್ಯಾಡರ್ ಚಾಸಿ, ಹಿಂದಿನ ಚಕ್ರಕ್ಕೆ ಎಳೆತ. ಎಲ್ಲ ಹಳೆಯ, ಪಳಗಿದ ಲೆಕ್ಕಾಚಾರ.

ಈ ಸ್ವಭಾವ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಕಾರಿನ ಬದಲು ಮಗ್ಗ ಸಿಗುತ್ತದೆ. ಸಕಿಚಿ ಟೊಯೋಡಾ 1867ರಲ್ಲಿ ಹುಟ್ಟಿದವರು, ಬಡಗಿಯ ಮಗ. ಜೀವನವಿಡೀ ನೇಯ್ಗೆ ಯಂತ್ರಗಳ ಹಿಂದೆ ಬಿದ್ದವರು. 1924ರಲ್ಲಿ ಅವರು ಪೂರ್ತಿಗೊಳಿಸಿದ ‘ಟೈಪ್ ಜಿ’ ಮಗ್ಗದಲ್ಲಿ ಒಂದು ಎಳೆ ಕಡಿದರೂ ಸಾಕು, ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ಅದಿಲ್ಲದಿದ್ದರೆ ಮಗ್ಗ ನೇಯುತ್ತಲೇ ಹೋಗುತ್ತದೆ, ಗಜಗಟ್ಟಲೆ ಬಟ್ಟೆ ಕೆಟ್ಟ ಮೇಲೆ ಯಾರಾದರೂ ನೋಡುತ್ತಾರೆ. ನಮ್ಮ ಕಡೆ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಕೊಟ್ಟರು. ಮಗ ಕೀಚಿರೊ ಕಾರಿನ ಕಡೆ ತಿರುಗಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಶುರುವಾಯಿತು.

ಶುರುವಾದ ತಕ್ಷಣ ಗಟ್ಟಿ ಕಾರು ಮಾಡಿಬಿಟ್ಟರು ಅಂತೇನಿಲ್ಲ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು, ಕಾರ್ಮಿಕರ ಮುಷ್ಕರ ನಡೆಯಿತು, ಕೀಚಿರೊ ರಾಜೀನಾಮೆ ಕೊಟ್ಟರು. 1957ರಲ್ಲಿ ಟೊಯೋಪೆಟ್ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿದರು. ಜಪಾನಿನ ರಸ್ತೆಗೆ ಮಾಡಿದ ಆ ಕಾರು ಅಮೆರಿಕದ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. ಅಲ್ಲಿಂದ ಅದನ್ನು ವಾಪಸ್ ತೆಗೆದುಕೊಂಡರು. ಮತ್ತೆ 1965ರಲ್ಲಿ ಕರೋನಾ ಕಾರು ಹೊತ್ತು ಹೋದಾಗ ಅದು ಹೆದ್ದಾರಿಗೆ ಸಿದ್ಧವಾಗಿತ್ತು. ನನಗೆ ಈ ಕಂಪನಿಯ ಗೆಲುವಿಗಿಂತ ಈ ಎಂಟು ವರ್ಷದ ಅಂತರವೇ ಇಷ್ಟ. ಸುಮ್ನೆ ಜಾಹೀರಾತು ಜಾಸ್ತಿ ಮಾಡಿ ಅದೇ ಕಾರು ಮಾರಲಿಲ್ಲ.

ಮಗ್ಗದ ಆ ಬುದ್ಧಿಯನ್ನು ಕಾರು ಜೋಡಿಸುವ ಸಾಲಿಗೆ ತಂದವರಲ್ಲಿ ಟೊಯೋಟಾದ ಇಂಜಿನಿಯರ್ ತೈಚಿ ಓನೊ ದೊಡ್ಡ ಹೆಸರು. ಸಾಲಿನಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಏನಾದರೂ ಸರಿಯಿಲ್ಲ ಅನಿಸಿದರೆ ತಲೆಯ ಮೇಲಿರುವ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಅಲ್ಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಆಮೇಲೆ ‘ಯಾಕೆ ಹೀಗಾಯ್ತು’ ಅಂತ ಐದು ಸಲ ಕೇಳಿ ಬುಡ ಹುಡುಕಬೇಕು. ಬೋಲ್ಟ್ ಸಡಿಲವಾಗಿತ್ತು ಅಂದರೆ ಬಿಗಿದು ಸುಮ್ಮನಾಗುವ ಹಾಗಿಲ್ಲ. ಯಾಕೆ ಸಡಿಲ ಆಯ್ತು, ಸ್ಪ್ಯಾನರ್ ಸರಿ ಇರಲಿಲ್ಲವಾ, ಅದನ್ನು ಯಾರೂ ಯಾಕೆ ನೋಡಲಿಲ್ಲ, ಹೀಗೆ.

ಭಾರತದಲ್ಲಿ ಈ ಕೆಲಸ ನಡೆಯುವುದು ನಮ್ಮ ಬಿಡದಿಯಲ್ಲಿ. ಮೈಸೂರು ದಾರಿಯಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುವವರಿಗೆಲ್ಲ ಊರು ಗೊತ್ತು. ಕಿರ್ಲೋಸ್ಕರ್ ಜೊತೆ ಸೇರಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಆಗಿದ್ದು 1997ರಲ್ಲಿ. 2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಇಂಡೋನೇಷ್ಯಾದ ಕಿಜಾಂಗ್ ಗಾಡಿಯನ್ನೇ ಇಲ್ಲಿಗೆ ಹೊಂದಿಸಿದ್ದು. ನೋಡಲು ಡಬ್ಬಿಯ ಹಾಗಿದೆ ಅಂದವರೇ ಆಮೇಲೆ ಸಾಲುಗಟ್ಟಿ ಕೊಂಡರು. ಚೆನ್ನಾಗಿ ಓಡುತ್ತಿದ್ದ ಕ್ವಾಲಿಸ್ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಬಿಡದಿಯಲ್ಲೇ 2007ರಿಂದ ಒಂದು ತರಬೇತಿ ಸಂಸ್ಥೆ ಇದೆ. ರಾಜ್ಯದ ಹಳ್ಳಿಗಳ ಬಡ ಮನೆಯ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ನಂತರ ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕೆಲಸ ಕಲಿಸುತ್ತಾರೆ. ಇದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ಇನ್ನು ನಮ್ಮ ಗಾಡಿ ಕೊಟ್ಟ ಸೂಚನೆಗಳಿಗೆ ಬರೋಣ.

ಈ ಇಂಜಿನ್‌ನಲ್ಲಿ ಅತಿ ಮುಖ್ಯ ಟೈಮಿಂಗ್ ಬೆಲ್ಟ್. ಪಿಸ್ಟನ್, ವಾಲ್ವ್‌ಗಳ ಓಟವನ್ನು ಒಂದಕ್ಕೊಂದು ಹೊಂದಿಸಿ ಇಡುವುದು ಇದೇ. ಚೈನ್ ಅಲ್ಲ, ರಬ್ಬರ್ ಬೆಲ್ಟ್. ಅದು ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಹೆಡ್ ಬಿಚ್ಚಬೇಕು, ಖರ್ಚು ಲಕ್ಷದ ಕಡೆ ಹೋಗುತ್ತದೆ. ಅದಕ್ಕೇ ಕಾಲ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ದೀಪ ಹತ್ತುತ್ತದೆ. ನಮ್ಮದರಲ್ಲಿ ಮೊದಲ ಸಲ ಹತ್ತಿದಾಗ ಒಂದು ಗ್ಯಾರೇಜಿನಲ್ಲಿ ಹೇಳಿದರು, ‘ಇನ್ನೂ ಐವತ್ತು ಸಾವಿರ ಆರಾಮಾಗಿ ಓಡುತ್ತೆ, ದೀಪ ಆರಿಸಿಕೊಡ್ತೀವಿ ಬಿಡಿ.’ ದೀಪ ಆರಿಸುವುದು ಸುಲಭ, ಬೆಲ್ಟ್ ಹೊಸದಾಗುವುದಿಲ್ಲವಲ್ಲ. ಬೇರೆ ಕಡೆ ಹಾಕಿಸಿದೆ. ಬಿಚ್ಚಿದ ಹಳೆ ಬೆಲ್ಟನ್ನು ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಬಗ್ಗಿಸಿ ನೋಡಿದೆ. ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇತ್ತು. ಬಗ್ಗಿಸಿದಾಗ ಮಾತ್ರ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಸಾಲಾಗಿ ಬಾಯಿ ಬಿಟ್ಟವು. ಒಂದು ಅಂಚಿನಲ್ಲಿ ನೂಲು ಎದ್ದಿತ್ತು. ಇದು ಆಗುಂಬೆಯ ತಿರುವಿನಲ್ಲಿ ಕಡಿದಿದ್ದರೆ ಅಂತ ಯೋಚಿಸಲೂ ಮನಸ್ಸಾಗುವುದಿಲ್ಲ. ಬೆಲ್ಟ್ ಜೊತೆ ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದು ಸುತ್ತಿ ಹೋಗುವ ಐಡ್ಲರ್ ರಾಟೆ ಎರಡೂ ಬದಲಿಸಿ. ಅದರಲ್ಲಿ ಉಳಿಸುವ ಹಣ ಹಣವಲ್ಲ.

ಎರಡನೆಯದು ಡೀಸೆಲ್. ಒಂದು ಮಳೆಗಾಲ ಹೆದ್ದಾರಿ ಪಕ್ಕದ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟ ಮೇಲೆ ಫ್ಯುಯೆಲ್ ಫಿಲ್ಟರ್ ದೀಪ ಹತ್ತಿತು. ಡೀಸೆಲ್‌ನಲ್ಲಿ ನೀರು. ಬಾನೆಟ್ ಎತ್ತಿ, ಫಿಲ್ಟರಿನ ಕೆಳಗಿನ ಪ್ಲಗ್ ಸಡಿಲಿಸಿ, ಪಕ್ಕದ ಅಂಗಡಿಯಿಂದ ತಂದ ಬಾಟಲಿಗೆ ಬಿಟ್ಟೆವು. ಕೆಳಗೆ ತಿಳಿ ನೀರು, ಮೇಲೆ ಹಳದಿ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ ಸ್ಪಷ್ಟ. ಪ್ಲಗ್ ಬಿಗಿದು, ಫಿಲ್ಟರ್ ಮೇಲಿನ ಪಂಪನ್ನು ಗಟ್ಟಿಯಾಗುವವರೆಗೆ ಕೈಯಲ್ಲಿ ಒತ್ತಿ, ಸ್ಟಾರ್ಟ್ ಮಾಡಿದೆವು. ಊರು ಮುಟ್ಟಿದ ಮೇಲೆ ಟ್ಯಾಂಕ್ ಇಳಿಸಿ ತೊಳೆಸಿದ್ದು ಬೇರೆ ಕಥೆ. ಆ ದೀಪ ಹತ್ತದೇ ಇದ್ದಿದ್ದರೆ ಆ ನೀರು ಭಾರೀ ಒತ್ತಡದಲ್ಲಿ ಡೀಸೆಲ್ ಕಳಿಸುವ ಕಾಮನ್ ರೈಲ್ ಪಂಪಿಗೆ, ಇಂಜೆಕ್ಟರಿಗೆ ಹೋಗುತ್ತಿತ್ತು. ಇಂಜೆಕ್ಟರ್ ಒಂದೊಂದಕ್ಕೂ ಐದಂಕಿಯ ಬೆಲೆ, ಇರುವುದು ನಾಲ್ಕು.

ಮಿಕ್ಕಿದ್ದು ಸವೆತದ ಸಾಮಾನು. ಕ್ಲಚ್, ಮುಂದಿನ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್. ಮಲೆನಾಡಿನ ರಸ್ತೆಯಲ್ಲಿ ಬುಷ್ ಮೊದಲು ಮಾತಾಡುತ್ತದೆ, ಗುಂಡಿ ಇಳಿದಾಗ ‘ಟಕ್’ ಅನ್ನುತ್ತದೆ. ಸ್ಪೇರ್ ಸಿಗದೆ ಗಾಡಿ ನಿಂತದ್ದಿಲ್ಲ. ಶಿವಮೊಗ್ಗದಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಿಂದ ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಅಲ್ಲಿ ನಕಲಿಯೂ ಅಷ್ಟೇ ಧಾರಾಳ, ಡಬ್ಬಿ ಮಾತ್ರ ನೋಡಿ ನಂಬಬೇಡಿ. ಮೈಲೇಜ್ 10ರಿಂದ 12.

ಹಿಡಿಸದ್ದೂ ಇದೆ. ವೇಗವಾಗಿ ತಿರುವು ತೆಗೆದರೆ ಮೈ ವಾಲುತ್ತದೆ. ಕೊನೆಯ ಸಾಲಿನವರಿಗೆ ಘಾಟಿಯಲ್ಲಿ ವಾಂತಿ ಗ್ಯಾರಂಟಿ. ಅದಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದು. ಆ ಕಾಲದ ಕೆಳಗಿನ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಇಂಜಿನ್ ಮೂರು ಲಕ್ಷ ಓಡಿದರೆ ಸಾಲದು, ಒಳಗೆ ಕೂತವರ ಜೀವವೂ ಅಷ್ಟೇ ಗಟ್ಟಿಯಾಗಿ ಉಳಿಯಬೇಕಲ್ವಾ?

ಕಂಪನಿಯನ್ನು ದೇವರು ಮಾಡುವುದೂ ಬೇಡ. 2009–10ರಲ್ಲಿ ಅಮೆರಿಕದಲ್ಲಿ ಆಕ್ಸಿಲರೇಟರ್ ತಾನಾಗಿ ಒತ್ತಿಕೊಳ್ಳುವ ದೂರುಗಳು ಬಂದವು. ಫ್ಲೋರ್ ಮ್ಯಾಟ್ ಪೆಡಲ್‌ಗೆ ಸಿಕ್ಕಿಕೊಳ್ಳುವುದು, ಪೆಡಲ್ ಅಂಟಿಕೊಳ್ಳುವುದು ಕಾರಣ ಎಂದು ಲಕ್ಷಾಂತರ ಕಾರು ವಾಪಸ್ ಕರೆಸಬೇಕಾಯಿತು. ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಕ್ಷಮೆ ಕೇಳಿದರು, ನಮ್ಮ ಬೆಳವಣಿಗೆ ಅತಿ ವೇಗವಾಯಿತು ಎಂದು ಒಪ್ಪಿದರು. ಗ್ರಾಹಕರಿಂದ ವಿಷಯ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದರು. 2020ರ ನವೆಂಬರ್‌ನಲ್ಲಿ ಬಿಡದಿಯಲ್ಲೇ ಕಾರ್ಮಿಕರ ಮುಷ್ಕರ, ಲಾಕೌಟ್ ಆಯಿತು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಜಪಾನಿನಲ್ಲಿ ಹೊರಬಂದು, ಇಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆ ಸ್ವಲ್ಪ ಕಾಲ ನಿಂತಿತ್ತು. ಹಗ್ಗ ಎಳೆಯಬೇಕಾದಲ್ಲಿ ಎಳೆಯದೆ ಹೋದರೆ ಟೊಯೋಟಾ ಕೂಡ ಬೇರೆ ಕಂಪನಿಗಳ ಹಾಗೇ. ಹಳೆಯ ಹೆಸರು ಹೊಸ ಕಾರಿಗೆ ಜಾಮೀನು ನಿಲ್ಲುವುದಿಲ್ಲ.

ಹಾಗಾಗಿ ಲೋಗೋ ನೋಡಿ ಕೊಳ್ಳುವವರಿಗೆ ಒಂದು ಮಾತು. ಟೊಯೋಟಾ ಹೆಸರಿನ ಗ್ಲಾಂಜಾ ಕಾರು ಮೂಲದಲ್ಲಿ ಸುಜುಕಿಯ ಬಲೆನೊ. ಒಳ್ಳೆಯ ಕಾರೇ ಇರಬಹುದು, ಆದರೆ ಇನ್ನೋವಾದ ಅನುಭವ ಇಟ್ಟುಕೊಂಡು ಅದನ್ನು ಅಳೆಯಬೇಡಿ. ಹೈಕ್ರಾಸ್ ಹೆಸರಿಗೆ ಇನ್ನೋವಾ, ಅಡಿಯಲ್ಲಿ ಲ್ಯಾಡರ್ ಚಾಸಿ ಇಲ್ಲ, ಮುಂದಿನ ಚಕ್ರದ ಎಳೆತ, ಪೆಟ್ರೋಲ್. ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟಾರ್ ಸೇರಿಸಿದ ಅದರ ಹೈಬ್ರಿಡ್ ತಂತ್ರಕ್ಕೆ 1997ರ ಪ್ರಿಯಸ್ ಕಾರಿನಿಂದ ಪಳಗಿದ ಬೇರು ಇದೆ, ಅದರ ಮೇಲೆ ನನಗೆ ಭರವಸೆಯೂ ಇದೆ. ಆದರೆ ಅದು ಬೇರೆಯೇ ಗಾಡಿ, ಅದರ ಲೆಕ್ಕ ಹೊಸದಾಗಿ ಶುರುವಾಗಬೇಕು.

ನಮ್ಮ ಗಾಡಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಒಯ್ದು ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆವು. ಹೊಗೆ ಪರೀಕ್ಷೆಯಲ್ಲಿ ತಕರಾರು ಬರಲಿಲ್ಲ. ಮಾರುವ ಯೋಚನೆ ಮನೆಯಲ್ಲಿ ಯಾರಿಗೂ ಇಲ್ಲ.

ಸೆಕೆಂಡ್ ಹ್ಯಾಂಡ್ ಹಳೆ ಇನ್ನೋವಾ ನೋಡುತ್ತಿರುವವರು ಇಷ್ಟು ಮಾಡಿ. ಹಿಂದೆ ಹಳದಿ ಬೋರ್ಡ್ ಆಗಿತ್ತಾ ಅಂತ ಆರ್‌ಸಿ ನೋಡಿ. ಮೀಟರ್ ತಿರುಗಿಸಿರುವ ಸಾಧ್ಯತೆ ಜಾಸ್ತಿ, ಹಾಗಾಗಿ ಚಾಸಿ ನಂಬರ್ ಕೊಟ್ಟು ಷೋರೂಮಿನಲ್ಲಿ ಸರ್ವಿಸ್ ದಾಖಲೆ ಕೇಳಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ, ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ ಅಷ್ಟು ಬೆಲೆ ಇಳಿಸಿ. ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ‘ಸ್ಟಾರ್ಟ್ ಮಾಡಿ ಇಡಬೇಡಿ’ ಅಂತ ಮೊದಲೇ ಫೋನಿನಲ್ಲಿ ಹೇಳಿ. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯಾ ನೋಡಿಕೊಂಡು, ಆಮೇಲೆ ನೀವೇ ಕೀ ತಿರುಗಿಸಿ. ಇಂಜೆಕ್ಟರ್ ಸವೆದಿದ್ದರೆ ತಣ್ಣನೆಯ ಇಂಜಿನ್ ಅದನ್ನು ಮುಚ್ಚಿಡುವುದಿಲ್ಲ. ಬಡಿತ ಜೋರಾಗಿರುತ್ತದೆ, ಹೊಗೆ ಬರುತ್ತದೆ, ಐಡ್ಲಿಂಗ್‌ನಲ್ಲಿ ಗಾಡಿ ಅದುರುತ್ತದೆ. ಬಿಸಿಯಾದ ಮೇಲೆ ಎಲ್ಲ ಇನ್ನೋವಾಗಳೂ ಒಂದೇ ಥರ ಕೇಳಿಸುತ್ತವೆ.