ರೇಡಿಯೊ, ಆ್ಯಪ್, ಪಾಡ್‌ಕಾಸ್ಟ್: ಹಾಡು ಬರೆದವರ ಹೆಸರು ಹೇಳುವವರು ಯಾರು?

‘ನಗುನಗುತಾ ನಲಿ ನಲಿ’ ಬರೆದವರು ಚಿ. ಉದಯಶಂಕರ್ ಅಂತಲೇ ನಾನು ಇಷ್ಟು ವರ್ಷ ನಂಬಿದ್ದೆ. ರಾಜ್‌ಕುಮಾರ್ ಅವರ ‘ಬಂಗಾರದ ಮನುಷ್ಯ’, 1972, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಇನ್ಯಾರು ಬರೆದಿರುತ್ತಾರೆ ಅಂತ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಒಂದು ಬೆಳಿಗ್ಗೆ ರೇಡಿಯೊದಲ್ಲಿ ಹಾಡಿಗೆ ಮುಂಚೆ ಹುಣಸೂರು ಕೃಷ್ಣಮೂರ್ತಿ ಅನ್ನೋ ಹೆಸರು ಬಂತು. ಎಷ್ಟು ಸಲ ಗುನುಗಿದ್ದೇನೋ ಲೆಕ್ಕವಿಲ್ಲದ ಹಾಡು, ಬರೆದವರು ಯಾರೆಂದೇ ಗೊತ್ತಿರಲಿಲ್ಲವಲ್ಲ ಅಂತ ಬಹಳ ಬೇಜಾರಾಯಿತು.

ಆವತ್ತಿನಿಂದ ಒಂದು ಪ್ರಯೋಗ ಶುರು ಮಾಡಿದೆ. ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡ್ ಕಡೆಗೆ ದಿನಾ ಮೆಟ್ರೊದಲ್ಲಿ ಹೋಗಿ ಬರುತ್ತೇನೆ, ಒಂದೊಂದು ಕಡೆಗೂ ಗಂಟೆಯ ಹತ್ತಿರ ಹಿಡಿಯುತ್ತದೆ. ಒಂದು ತಿಂಗಳು ಬರೀ ರೇಡಿಯೊ, ಒಂದು ತಿಂಗಳು ಬರೀ ಹಾಡಿನ ಆ್ಯಪ್, ಇನ್ನೊಂದು ತಿಂಗಳು ಬರೀ ಪಾಡ್‌ಕಾಸ್ಟ್. ಹೊಸದಾಗಿ ತಿಳಿದ ಪ್ರತಿ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಹೋದೆ.

ರೇಡಿಯೊಗೆ ಮೊದಲು ಯಂತ್ರವೇ ಇರಲಿಲ್ಲ. ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ. ನನ್ನ ಹೊಸ ಫೋನಿನಲ್ಲಿ ಆ ವೈರು ಚುಚ್ಚುವ ಜಾಗವೇ ಇಲ್ಲ. ಎರಡು ಸೆಲ್ ಹಾಕುವ ಪುಟ್ಟ ಪಾಕೆಟ್ ರೇಡಿಯೊ ಕೊಂಡು 102.9ಕ್ಕೆ, ಅಂದರೆ ವಿವಿಧ ಭಾರತಿಗೆ, ತಿರುಗಿಸಿಟ್ಟೆ. ಮಾಗಡಿ ರಸ್ತೆ ದಾಟಿ ರೈಲು ಸುರಂಗಕ್ಕೆ ಇಳಿದ ಕೂಡಲೇ ಗೊರಗೊರ ಸದ್ದು, ಕಬ್ಬನ್ ಪಾರ್ಕ್ ಆದ ಮೇಲೆ ಬಯಲಿಗೆ ಬಂದರೆ ಮತ್ತೆ ಹಾಡು. ಒಳ್ಳೆ ಹಾಡು ಅರ್ಧಕ್ಕೇ ಹೋದಾಗ ಹೊಟ್ಟೆ ಉರಿಯುತ್ತಿತ್ತು. ಆದರೂ ಆ ತಿಂಗಳು ನಾಲ್ಕು ಪುಟ ತುಂಬಿತು. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು: ಉದ್ಘೋಷಕರು ಈ ನಾಲ್ಕನ್ನೂ ಅವಸರವಿಲ್ಲದೆ ಹೇಳುತ್ತಾರೆ. ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಅಂದರೆ ನನಗೆ ಪುಟ್ಟಣ್ಣನವರ ಸ್ಲೋ ಮೋಷನ್ ಮಾತ್ರ ನೆನಪಾಗುತ್ತಿತ್ತು. ಈಗ ಜೊತೆಗೆ ವಿಜಯನಾರಸಿಂಹ ಅವರ ಹೆಸರೂ ಬರುತ್ತದೆ. ನಾನಾಗಿ ಹುಡುಕಲು ಎಂದೂ ಹೊಳೆಯದ ಹಾಡುಗಳು ತಾವಾಗಿ ಬಂದದ್ದು ಇನ್ನೊಂದು ಲಾಭ. ಬೇಕೆಂದಾಗ ಬೇಕಾದ್ದು ಸಿಗುವುದಿಲ್ಲ, ಅದು ರೇಡಿಯೊದ ಸ್ವಭಾವ.

ಆ್ಯಪಿನ ತಿಂಗಳು ಇದಕ್ಕೆ ತಿರುಗುಮುರುಗು. ಬೇಕಾದ್ದೆಲ್ಲ ಇದೆ, ಎಷ್ಟು ಸಲ ಬೇಕಾದರೂ ಕೇಳಬಹುದು, ಸುರಂಗದಲ್ಲೂ ನಿಲ್ಲುವುದಿಲ್ಲ. ಹಿನ್ನೆಲೆ ಸಂಗೀತ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗ ಸೈಡ್ ಎ ಅನ್ನು 2023ರಲ್ಲಿ ಥಿಯೇಟರಿನಲ್ಲೇ ನೋಡಿದ್ದೆ, ಆದರೆ ಸಂಗೀತ ಮಾಡಿದ ಚರಣ್ ರಾಜ್ ಎಷ್ಟು ಸಣ್ಣ ದನಿಯಲ್ಲಿ ಕೆಲಸ ಮಾಡಿದ್ದಾರೆ ಅನ್ನೋದು ಹೆಡ್‌ಫೋನಿನಲ್ಲಿ ಮಾತ್ರ ಗೊತ್ತಾಯಿತು. (ಚಿತ್ರವಾಗಿ ನನಗೆ ಎರಡನೇ ಭಾಗ ಸೈಡ್ ಬಿಗಿಂತ ಸೈಡ್ ಎ ಬಹಳ ಹೆಚ್ಚು ಇಷ್ಟ.) ‘ಕಾಂತಾರ’ದ ‘ವರಾಹ ರೂಪಂ’ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಥಿಯೇಟರೇ ಬೇಕು, ಕಿವಿಗೆ ಸಿಕ್ಕಿಸಿಕೊಂಡರೆ ಅರ್ಧ ಜೀವ ಹೋಗುತ್ತದೆ. ‘ಗರುಡ ಗಮನ ವೃಷಭ ವಾಹನ’ದಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಹಾಡಿದ ಚೈತ್ರಾ ಜೆ. ಆಚಾರ್ ಅವರೇ ಸೈಡ್ ಬಿಯಲ್ಲಿ ಸುರಭಿಯ ಪಾತ್ರ ಮಾಡಿದವರು ಅಂತ ನನಗೆ ತಿಳಿದದ್ದೂ ಆ್ಯಪಿನಿಂದಲೇ. ಹಾಡಿದವರ ಹೆಸರಿಗೆ ಅಲ್ಲಿ ಕೊರತೆಯಿಲ್ಲ.

ಬರೆದವರ ಹೆಸರಿಗೆ ಬಂದರೆ ಕಥೆ ಬೇರೆ. ‘ದೀಪವು ನಿನ್ನದೆ ಗಾಳಿಯು ನಿನ್ನದೆ’ ಅಂತ ಕನ್ನಡದಲ್ಲಿ ಟೈಪ್ ಮಾಡಿದೆ, ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಒಂದೇ ಹಾಡು ಮೂರು ಬಗೆಯ ಕಾಗುಣಿತದಲ್ಲಿ ಬಂತು. ಒಂದರಲ್ಲೂ ಕೆ.ಎಸ್. ನರಸಿಂಹಸ್ವಾಮಿ ಕಾಣಲಿಲ್ಲ. ‘ಮೈಸೂರ ಮಲ್ಲಿಗೆ’ ಕವನ ಸಂಕಲನ ಬಂದದ್ದು 1942ರಲ್ಲಿ. ಅದನ್ನಿಟ್ಟುಕೊಂಡು ನಾಗಾಭರಣ ಮಾಡಿದ ಚಿತ್ರಕ್ಕೆ ಗೀತಸಾಹಿತ್ಯದ ರಾಷ್ಟ್ರಪ್ರಶಸ್ತಿ ಬಂತು, ಅದು ಬಂದದ್ದು ನರಸಿಂಹಸ್ವಾಮಿಯವರಿಗೇ. ದೇಶ ಯಾವ ಸಾಲುಗಳಿಗೆ ಪ್ರಶಸ್ತಿ ಕೊಟ್ಟಿತೋ ಆ ಸಾಲುಗಳ ಪಕ್ಕದಲ್ಲೇ ಕವಿಯ ಹೆಸರಿಲ್ಲ! ಅಮ್ಮನ ಟ್ರಂಕಿನಲ್ಲಿ ‘ನಿತ್ಯೋತ್ಸವ’ದ ಕ್ಯಾಸೆಟ್ ಇದೆ. ಟೇಪು ಸಿಕ್ಕುಸಿಕ್ಕಾಗಿ ಈಗ ಓಡುವುದಿಲ್ಲ, ಆದರೆ ಕವರಿನ ಮೇಲೆ ನಿಸಾರ್ ಅಹಮದ್ ಹೆಸರು ಇವತ್ತಿಗೂ ಓದಲು ಬರುತ್ತದೆ. ಆ್ಯಪಿನ ತಿಂಗಳಲ್ಲಿ ನನ್ನ ಪುಸ್ತಕದ ಅರ್ಧ ಪುಟವೂ ತುಂಬಲಿಲ್ಲ.

ಪಾಡ್‌ಕಾಸ್ಟ್ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ. ‘ತಲೆಹರಟೆ’ಯಿಂದ ಶುರು ಮಾಡಿದೆ. ಗೆಳೆಯರು ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗಿರುವುದರಿಂದ ವೈಟ್‌ಫೀಲ್ಡ್ ಬಂದದ್ದೇ ತಿಳಿಯುತ್ತಿರಲಿಲ್ಲ. ಹಾಡಿನ ವಿಷಯಕ್ಕೆ ಇಲ್ಲೊಂದು ದೊಡ್ಡ ತೊಡಕಿದೆ. ಹಕ್ಕಿನ ಕಾರಣಕ್ಕೆ ಪಾಡ್‌ಕಾಸ್ಟಿನಲ್ಲಿ ಸಿನಿಮಾ ಹಾಡನ್ನು ಸುಮ್ಮನೆ ಹಾಕುವಂತಿಲ್ಲ. ಮಾತಾಡುವವರು ಎರಡು ಸಾಲು ತಾವೇ ಗುನುಗಿ ಮುಂದೆ ಹೋಗುತ್ತಾರೆ, ಕೇಳುವವರಿಗೆ ಬಾಯಾರಿಕೆ ಉಳಿಯುತ್ತದೆ. ಆದರೆ ರೇಡಿಯೊದವರು ಹೆಸರು ಹೇಳಿ ನಿಲ್ಲಿಸುವ ಜಾಗದಿಂದ ಇವರು ಶುರು ಮಾಡುತ್ತಾರೆ. ‘ಸಪ್ತ ಸಾಗರದಾಚೆ ಎಲ್ಲೋ’ ಅನ್ನೋದು ಅಡಿಗರ ಕವಿತೆಯ ಸಾಲು, ಅದೇ ಕವಿತೆ ಮನೋಮೂರ್ತಿ ರಾಗದಲ್ಲಿ ‘ಅಮೆರಿಕ ಅಮೆರಿಕ’ ಚಿತ್ರಕ್ಕೆ ಹಾಡಾಗಿತ್ತು, ಮುಂದೆ ‘ಮುಂಗಾರು ಮಳೆ’ಯ ಸಂಗೀತವೂ ಅವರದೇ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗುವ ಸುಖ ಹರಟೆಯಲ್ಲೇ ಇರುವುದು.

ಒಂದನ್ನೇ ಇಟ್ಟುಕೋ ಅಂದರೆ ನಾನು ರೇಡಿಯೊ ಇಟ್ಟುಕೊಳ್ಳುತ್ತೇನೆ. ಸದ್ಯಕ್ಕೆ ಯಾವುದನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಮಾಗಡಿ ರಸ್ತೆವರೆಗೆ ರೇಡಿಯೊ, ಸುರಂಗದೊಳಗೆ ಇಳಿಸಿಟ್ಟುಕೊಂಡ ಹಾಡು, ಸಂಜೆ ವಾಪಸ್ ಬರುವಾಗ ಹರಟೆ. ಭಾನುವಾರ ಕೂತು ಪುಸ್ತಕದಲ್ಲಿರುವ ಹೆಸರುಗಳನ್ನು ಆ್ಯಪಿನ ತಿದ್ದುಪಡಿ ಫಾರಂನಲ್ಲಿ ಒಂದೊಂದಾಗಿ ತುಂಬಿ ಕಳಿಸುತ್ತೇನೆ. ಹುಣಸೂರು ಕೃಷ್ಣಮೂರ್ತಿ ಅವರ ಹೆಸರು ಹೋದ ವಾರ ಸೇರಿದೆ. ನರಸಿಂಹಸ್ವಾಮಿಯವರದು ಇನ್ನೂ ಬಂದಿಲ್ಲ.